ಬಲಗಾಲಿಗೆ ತಕ್ಕ ಚಾಸಿ

ಚಾಮರಾಜಪುರಂ, ಮೈಸೂರು
೨೨-೧೦-೧೯೫೬

ಮಹದೇವನಿಗೆ, ಅಕ್ಕ ಬರೆಯುವುದು.

ಕ್ಷೇಮ ಸಮಾಚಾರ ಕೊನೆಯಲ್ಲಿ. ಮೊದಲು ಕೆಲಸದ ಮಾತು.

ಮದರಾಸಿನಲ್ಲಿ ನೀನು ಬಸ್ಸು ಲಾರಿಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತೀಯೆ. ನನಗೊಂದು ಮನೆ ಕಟ್ಟಿಸಿಕೊಡು. ಚಕ್ರದ ಮೇಲಿನ ಮನೆ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ನಾನು ನೆಟ್ಟಗೆ ನಿಲ್ಲುವಷ್ಟು ಎತ್ತರದ ಸೂರು. ಅದರಲ್ಲಿ ನಾನು ಕನ್ಯಾಕುಮಾರಿಗೆ ಹೋಗಬೇಕು. ಬರುವ ಚೈತ್ರ ಹುಣ್ಣಿಮೆಯ ಸಂಜೆ ಅಲ್ಲಿರಬೇಕು. ಆ ಸಂಜೆ ಸೂರ್ಯ ಒಂದು ಕಡೆ ಸಮುದ್ರಕ್ಕೆ ಇಳಿಯುತ್ತಿರುವಾಗಲೇ ಇನ್ನೊಂದು ಕಡೆ ಚಂದ್ರ ಸಮುದ್ರದಿಂದ ಏಳುತ್ತಾನೆ ಎಂದು ಹೈಸ್ಕೂಲಿನಲ್ಲಿ ಭೂಗೋಳದ ಉಪಾಧ್ಯಾಯಿನಿ ಹೇಳಿದ್ದರು. ನಾನು ನಂಬಲಿಲ್ಲ. ಎದ್ದು ನಿಂತು ಎರಡೂ ಒಟ್ಟಿಗೆ ಹೇಗೆ ಎಂದು ಕೇಳಿದೆ. "ಹೋಗಿ ನೋಡಿ ಬಾ, ಆಮೇಲೆ ಕೂತುಕೋ" ಎಂದರು. ಆ ಲೆಕ್ಕದಲ್ಲಿ ನಾನು ಇನ್ನೂ ನಿಂತೇ ಇದ್ದೇನೆ.

ನಮ್ಮದೇ ಬಸ್ಸುಗಳು ಓಡುತ್ತಿರುವಾಗ ಇದೇಕೆ ಎಂದು ಕೇಳುತ್ತೀಯೆ. ದಸರೆ ಮುಗಿದ ಮೇಲೆ ನಂಜನಗೂಡಿಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟಿಲಿಗೆ ಕಾಲು ಏಳಲಿಲ್ಲ. ನನ್ನ ಮಗ ದೇವರಾಜು ಕಂಡಕ್ಟರನಿಗೆ ಸನ್ನೆ ಮಾಡಿದ. ಇಬ್ಬರು ಗಂಡಸರು ಕಂಕುಳಿಗೆ ಕೈ ಹಾಕಿ ನನ್ನನ್ನು ಅಕ್ಕಿ ಮೂಟೆಯ ಹಾಗೆ ಒಳಗಿಟ್ಟರು. ಜನ ನೋಡಿದರು. ಪಾಪ ಎಂದರು. ಬಸ್ಸಿನ ಹಣೆಯ ಮೇಲೆ ನನ್ನ ಯಜಮಾನರ ಹೆಸರಿತ್ತು.

ಅಂದಿನಿಂದ ನಾನು ಗೇಟು ದಾಟಿಲ್ಲ. ಆದ್ದರಿಂದ ಒಂದೇ ಷರತ್ತು. ನನ್ನನ್ನು ಯಾರೂ ಎತ್ತಕೂಡದು. ಎತ್ತಿಸಿಕೊಂಡು ಹೋಗಬೇಕಾದ ಪ್ರಯಾಣ ಎಲ್ಲರಿಗೂ ಒಂದೇ, ಅದಕ್ಕೆ ನನಗಿನ್ನೂ ಸಮಯವಿದೆ. ಬಾಡಿಯ ಕೆಳಗಿನ ಚಕ್ರದ ಚೌಕಟ್ಟಿಗೆ ಚಾಸಿ ಎನ್ನುತ್ತೀರಲ್ಲ, ನಾನಾಗಿ ಹತ್ತಬಲ್ಲ ಚಾಸಿಯನ್ನು ಆರಿಸುವುದು ನಿನ್ನ ಕೆಲಸ.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕ್ಷೇಮವೇ ಎಂದು ಬರೆ.

ಇಂದ್ರಮ್ಮ


ಮದರಾಸು
೧-೧೧-೧೯೫೬

ಅಕ್ಕಯ್ಯನವರ ಪಾದಗಳಿಗೆ ಮಹದೇವನ ನಮಸ್ಕಾರ.

ನಿಮ್ಮ ಕಾಗದ ಓದಿ ಎರಡು ದಿನ ಕಾರ್ಖಾನೆಯಲ್ಲಿ ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ. ಮನೆಯನ್ನು ಗಾಡಿಯ ಮೇಲೆ ಕಟ್ಟುವುದನ್ನು ಇಲ್ಲಿ ಯಾರೂ ಕೇಳಿಲ್ಲ. ನಮ್ಮ ಮೇಸ್ತ್ರಿಗೆ ಹೇಳಿದೆ. "ನಿಮ್ಮ ಅಕ್ಕ ಸರ್ಕಸ್ ಕಂಪನಿಯವರೇ?" ಎಂದ. ಅಲ್ಲ, ಅವರಿಗಿಂತ ಗಟ್ಟಿ ಎಂದೆ.

ಲಾರಿಯ ಚಾಸಿ ಬಲವಾದದ್ದು. ಮಂಚ, ನೀರು, ಒಲೆ ಎಲ್ಲವನ್ನೂ ಹೊತ್ತು ಘಟ್ಟ ಹತ್ತುತ್ತದೆ. ಆದರೆ ನೆಲ ಸೊಂಟದ ಮಟ್ಟಕ್ಕಿರುತ್ತದೆ. ಕಬ್ಬಿಣದ ಏಣಿ ಇಡಬೇಕು. ಬಸ್ಸಿನ ಚಾಸಿ ಅದಕ್ಕಿಂತ ತಗ್ಗು, ಎರಡು ದೊಡ್ಡ ಮೆಟ್ಟಿಲು ಸಾಕು. ಅದಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಮುಂದಿನ ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಉದ್ದನೆಯ ಶಾಫ್ಟು ಹೋಗುತ್ತದೆ, ನೆಲ ಅದರ ಮೇಲೆಯೇ ಕೂರಬೇಕು. ಯಾವ ದೇಶದ ಗಾಡಿಯಾದರೂ ಇಷ್ಟೇ.

ಯಾವ ಕಾಲು ನೋವು, ಎಷ್ಟು ಮಡಿಸಬಲ್ಲಿರಿ ಎಂದು ಬರೆದರೆ ಅನುಕೂಲ. ನನ್ನಾಕೆ ಅಲಮೇಲು ನಮಸ್ಕಾರ ತಿಳಿಸಿದ್ದಾಳೆ.

ಮಹದೇವಯ್ಯ


ಚಾಮರಾಜಪುರಂ
೯-೧೧-೧೯೫೬

ಮಹದೇವನಿಗೆ,

ಕಾಲಿನ ವಿಷಯ ನಿನಗೆ ಬೇಡ. ಎತ್ತರದ ವಿಷಯ ಮಾತ್ರ ಮಾತಾಡು.

ನೀನು ಬರೆದ ಎತ್ತರಗಳನ್ನು ಪರೀಕ್ಷೆ ಮಾಡಿದೆ. ನಮ್ಮ ಡ್ರೈವರು ಕೆಂಪಯ್ಯನನ್ನು ಕರೆದು ಹಿತ್ತಲಲ್ಲಿ ಇಟ್ಟಿಗೆ ಜೋಡಿಸಲು ಹೇಳಿದೆ. ಮೊದಲು ಲಾರಿಯ ಎತ್ತರಕ್ಕೆ. ಅವನು ತಲೆ ಕೆರೆದುಕೊಂಡು, "ಅವ್ವಾರೆ, ಇದು ತುಳಸಿಕಟ್ಟೆಯಾ, ಇಲ್ಲಾ ಕೋಳಿಗೂಡಾ?" ಎಂದು ಕೇಳಿದ. ಕನ್ಯಾಕುಮಾರಿ ಎಂದೆ. ಅವನು ಇಟ್ಟಿಗೆ ಜೋಡಿಸಿದ. ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಹತ್ತಿ ನೋಡಿದೆ. ಲಾರಿ ಆಗದು. ಮಾರನೆಯ ದಿನ ಬಸ್ಸಿನ ಎತ್ತರಕ್ಕೆ ಇಳಿಸಿದ. ಅದೂ ಆಗದು.

ನನಗೆ ಬೇಕಾದ ಎತ್ತರ ಕೇಳು. ನಮ್ಮ ಬೀದಿ ಬಾಗಿಲ ಹೊಸ್ತಿಲಿನಷ್ಟು. ಮೆಟ್ಟಿಲು ಇಡುವುದಾದರೆ ಒಂದೇ ಒಂದು, ಅದೂ ಅಷ್ಟೇ ಎತ್ತರದ್ದು. ಶಾಫ್ಟು ಅಡ್ಡ ಬಂದರೆ ಶಾಫ್ಟನ್ನು ತೆಗೆಸು. ಇಷ್ಟು ವರ್ಷ ಮದರಾಸಿನಲ್ಲಿದ್ದು ಏನು ಕಲಿತೆ?

ಇಂದ್ರಮ್ಮ


ಮದರಾಸು
೨೪-೧೧-೧೯೫೬

ಅಕ್ಕಯ್ಯನವರಿಗೆ ನಮಸ್ಕಾರ.

ನೀವು ಹೇಳದಿದ್ದರೂ ನೋವು ಬಲಮಂಡಿಯದೆಂದು ದೇವರಾಜು ಬರೆದ. ಅವನ ಮೇಲೆ ಕೋಪ ಬೇಡ. ತಿಳಿದದ್ದು ಒಳ್ಳೆಯದಾಯಿತು. ಇಲ್ಲಿ ಒಬ್ಬ ಒಳ್ಳೆಯ ಡಾಕ್ಟರನ್ನು ಕಂಡೆ. ಅವರು ಹೇಳಿದ್ದು ಬಹಳ ಸುಲಭ. ಹತ್ತುವಾಗ ಗಟ್ಟಿ ಕಾಲು ಮೊದಲು, ನೋವಿನ ಕಾಲು ಆಮೇಲೆ. ಹಾಗೆ ಮಾಡಿದರೆ ಬಸ್ಸಿನ ಎತ್ತರ ನಿಮಗೆ ಏನೇನೂ ಅಲ್ಲ.

ಆದ್ದರಿಂದ ಬಸ್ಸಿನ ಚಾಸಿಯನ್ನೇ ಆರಿಸಿದ್ದೇನೆ. ಮೆಟ್ಟಿಲು ಕೂಡ ಆಗಲೇ ಮಾಡಿಸಿಬಿಟ್ಟೆ. ಎಡಗಾಲು ಮೊದಲಿಡಲು ಅನುಕೂಲವಾಗುವಂತೆ ಎಡಗಡೆ ಅಗಲ, ಬಲಗೈಗೆ ಸಿಗುವಂತೆ ಹಿತ್ತಾಳೆಯ ಕಂಬಿ. ಮೇಸ್ತ್ರಿಯೇ ಮೆಚ್ಚಿಕೊಂಡ. ನೀವೂ ಮೆಚ್ಚುತ್ತೀರಿ.

ಅಲಮೇಲು ನಮಸ್ಕಾರ ತಿಳಿಸಿದ್ದಾಳೆ.

ಮಹದೇವಯ್ಯ


ಚಾಮರಾಜಪುರಂ
೩೦-೧೧-೧೯೫೬

ಮಹದೇವಯ್ಯನವರಿಗೆ,

ಎಡಗಾಲು ಮೊದಲಿಟ್ಟು ಮನೆಯೊಳಗೆ ಹೋಗುವ ಹೆಂಗಸು ನಾನಲ್ಲ. ಆ ಎತ್ತರಕ್ಕೆ ಎಡಗಾಲನ್ನು ನಾನೂ ಎತ್ತಬಲ್ಲೆ. ಬಲಗಾಲು ಹೊಸ್ತಿಲಿಗಿಂತ ಮೇಲೆ ಏಳುವುದಿಲ್ಲ, ಅದಕ್ಕೇ ಹೊಸ್ತಿಲಿನ ಎತ್ತರ ಕೇಳಿದ್ದು. ಇದನ್ನು ನನ್ನ ಬಾಯಿಂದ ಹೇಳಿಸಬೇಕಾಯಿತಲ್ಲ.

ಇಂದ್ರಮ್ಮ


ಮದರಾಸು
೬-೧೨-೧೯೫೬

ಅಕ್ಕಯ್ಯ,

ನನ್ನನ್ನು ಬಹುವಚನದಲ್ಲಿ ಕರೆದಿದ್ದೀರಿ. ಕೋಪ ಎಷ್ಟೆಂದು ಅದರಲ್ಲೇ ತಿಳಿಯಿತು. ಆದರೂ ಒಂದು ಮಾತು ಹೇಳುತ್ತೇನೆ. ಇದಕ್ಕೆ ಹೊಸ್ತಿಲಿಲ್ಲ, ತಳಪಾಯವಿಲ್ಲ. ಇದಕ್ಕೆ ಮುನಿಸಿಪಾಲಿಟಿಯ ನಂಬರಿಲ್ಲ, ಮೋಟಾರಿನ ನಂಬರಿದೆ. ಇದು ಮನೆಯಲ್ಲ, ಗಾಡಿ. ಬಸ್ಸು ಹತ್ತುವವರು ಯಾವ ಕಾಲು ಮೊದಲು ಎಂದು ನೋಡುತ್ತಾರೆಯೇ? ಹುಣ್ಣಿಮೆಗೆ ನಾಲ್ಕು ತಿಂಗಳಿದೆ. ಈ ಒಂದು ವಿಷಯಕ್ಕೆ ನೀವು ಸಮುದ್ರ ಬಿಡುತ್ತೀರಾ?

ಮಹದೇವ


ಚಾಮರಾಜಪುರಂ
೧೧-೧೨-೧೯೫೬

ಮಹದೇವಯ್ಯನವರಿಗೆ,

ಒಲೆ ಇದ್ದ ಮೇಲೆ ಅದು ಮನೆ. ಹಾಲು ಉಕ್ಕಿಸುವ ಕಡೆಗೆ ಬಲಗಾಲಿಟ್ಟೇ ಹೋಗಬೇಕು. ಹೆಣ್ಣು ಬಲಗಾಲಿಟ್ಟು ಮನೆ ತುಂಬುವುದು ಎಂದರೆ ಏನೆಂದು, ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿ ಮದುವೆಯಾದವನಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಚಾಸಿ ಬೇಡ. ಕನ್ಯಾಕುಮಾರಿ ಬೇಡ. ಇಟ್ಟಿಗೆಗಳನ್ನು ತೆಗೆಸಿದ್ದೇನೆ.

ಇಂದ್ರಮ್ಮ


ಚಾಮರಾಜಪುರಂ
೧೬-೧-೧೯೫೭

ಮಹದೇವನಿಗೆ,

ಸಂಕ್ರಾಂತಿಯ ಎಳ್ಳುಬೆಲ್ಲ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಮನೆಯಲ್ಲಿರುವವರಿಗೆಲ್ಲ ಆಗುವಷ್ಟಿದೆ. ಸಕ್ಕರೆ ಅಚ್ಚು ಒಡೆದಿದ್ದರೆ ಅಂಚೆಯವರ ತಪ್ಪು.

ಒಂದು ತಿಂಗಳಿನ ಮೇಲಾಯಿತು, ನಿನ್ನ ಕಾಗದವಿಲ್ಲ.

ಅಕ್ಕ


ಮದರಾಸು
೧೭-೨-೧೯೫೭

ಅಕ್ಕಯ್ಯನವರ ಪಾದಗಳಿಗೆ ನಮಸ್ಕಾರ.

ಎಳ್ಳು ತಲುಪಿತು. ಅಚ್ಚುಗಳು ಒಡೆದಿರಲಿಲ್ಲ.

ನಿಮ್ಮ ಡಿಸೆಂಬರಿನ ಕಾಗದವನ್ನು ಓದಿ ನಾನು ಇನ್ನು ಬರೆಯುವುದೇ ಇಲ್ಲ ಎಂದುಕೊಂಡಿದ್ದೆ. ಕಾಗದವನ್ನು ಅಲಮೇಲುವಿಗೆ ತೋರಿಸಲಿಲ್ಲ. ಅವಳಾಗಿ ತೆಗೆದು ಓದಿದ್ದಾಳೆ. ಕನ್ನಡ ಓದಲು ಕಲಿತಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಜಗಳವಾಡುತ್ತಾಳೆ ಎಂದು ಕಾದೆ. ಅವಳು, "ಅಕ್ಕ ಸರಿಯಾಗಿಯೇ ಹೇಳಿದ್ದಾರೆ. ಒಲೆ ಇದ್ದರೆ ಮನೆಯೇ. ನೀವು ಬೇರೆ ಚಾಸಿ ಹುಡುಕಿ" ಎಂದಳು. ಅಷ್ಟೇ.

ಹುಡುಕಿದೆ. ಇಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಪಾಂಡಿಚೇರಿಯಲ್ಲಿ ಸಿಕ್ಕಿತು. ಅಕ್ಕಯ್ಯ, ಅದನ್ನು ಕಂಡಾಗ ನಾನು ರಸ್ತೆಯಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಫ್ರೆಂಚರ ಕಾಲದಲ್ಲಿ ಒಬ್ಬ ರೊಟ್ಟಿ ಸುಡುವವನು ತರಿಸಿದ್ದ ವ್ಯಾನು. ಬಾಗಿಲು ಬಾಗಿಲಿಗೂ ಇಳಿದು ಹತ್ತಿ ರೊಟ್ಟಿ ಕೊಡಬೇಕಲ್ಲ, ಅದಕ್ಕಾಗಿ ಅದರ ನೆಲ ಒಂದೂವರೆ ಗೇಣಿಗೆ ಇಳಿದಿದೆ. ನಾನು ಕೆಳಗೆ ಬಗ್ಗಿ ಶಾಫ್ಟು ಹುಡುಕಿದೆ. ಶಾಫ್ಟೇ ಇಲ್ಲ. ಇಂಜಿನ್ನು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಹಿಂದಿನಿಂದ ನೂಕುವುದಿಲ್ಲ, ಎತ್ತಿನ ಹಾಗೆ ಮುಂದೆ ನಿಂತು ಎಳೆಯುತ್ತದೆ. ಯಾವ ದೇಶದ ಗಾಡಿಯೂ ಇದಕ್ಕಿಂತ ತಗ್ಗುವುದಿಲ್ಲ ಎಂದು ನಿಮಗೆ ಬರೆದಿದ್ದೆನಲ್ಲ, ಇಷ್ಟು ವರ್ಷ ನಕ್ಷೆ ಬರೆದವನು. ಶಾಫ್ಟನ್ನು ತೆಗೆಸು ಎಂದು ನೀವು ಬೈದದ್ದನ್ನು ಅಲ್ಲಿ ಯಾರೋ ಆಗಲೇ ಮಾಡಿಟ್ಟಿದ್ದರು.

ಹತ್ತುವುದು ಹಿಂದಿನಿಂದ, ನಮ್ಮ ಜಟಕಾದ ಹಾಗೆ. ಒಳಗೆ ನೆಟ್ಟಗೆ ನಿಲ್ಲಬಹುದು. ನಡುವೆ ಒಂದೇ ಮೆಟ್ಟಿಲು ಇಟ್ಟರೆ ಎರಡು ಹೆಜ್ಜೆಯೂ ನಿಮ್ಮ ಹೊಸ್ತಿಲಿನಷ್ಟೇ ಆಗುತ್ತದೆ.

ಇನ್ನೊಂದು ವಿಷಯ. ಇದನ್ನು ಬರೆಯಬೇಡಿ ಎಂದಿದ್ದಾಳೆ, ಬರೆಯುತ್ತೇನೆ. ಅಲಮೇಲು ನನ್ನ ಜೊತೆ ಪಾಂಡಿಚೇರಿಗೆ ಬಂದಿದ್ದಳು. ತನ್ನ ಬಲಮಂಡಿಗೆ ಎರಡು ಕಡೆ ಹಲಗೆ ಇಟ್ಟು ಬಟ್ಟೆ ಸುತ್ತಿ, ಮಡಿಸಲು ಬಾರದಂತೆ ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ಬಲಗಾಲನ್ನೇ ಮೊದಲಿಟ್ಟು ಹತ್ತಿದಳು. ಮೊದಲ ಸಲ ಬಿದ್ದಳು. ರೊಟ್ಟಿಯವನು ನಕ್ಕ. "ಕಂಬಿ ಎಡಗಡೆಗೆ ಬೇಕು" ಎಂದು ಎದ್ದಳು. ಕಂಬಿಯ ಜಾಗವನ್ನು ಎರಡು ಸಲ ಬದಲಾಯಿಸಿದ ಮೇಲೆ, ಯಾರನ್ನೂ ಹಿಡಿಯದೆ ಹತ್ತಿ ಒಳಗೆ ನಿಂತಳು. "ಅಕ್ಕನಿಗೆ ಆಗುತ್ತದೆ" ಎಂದಳು.

ಕೊಳ್ಳಲೇ?

ಮಹದೇವ


ಚಾಮರಾಜಪುರಂ
೨೫-೨-೧೯೫೭

ಚಿರಂಜೀವಿ ಮಹದೇವನಿಗೆ,

ಕೊಳ್ಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೆಂಪಯ್ಯನನ್ನು ಕರೆದು ಇಟ್ಟಿಗೆ ಮತ್ತೆ ಜೋಡಿಸು ಎಂದೆ. "ಈಗ ಎಲ್ಲಿಗವ್ವಾ, ಕಾಶಿಗಾ?" ಎಂದ. ನೀನು ಹೇಳಿದ ಎತ್ತರಕ್ಕೆ ಜೋಡಿಸಿದ. ಬಲಗಾಲು ಎದ್ದಿತು. ಮೇಲೆ ನಿಂತೆ. ಅಷ್ಟು ಎತ್ತರದಿಂದ ಹಿತ್ತಲಲ್ಲಿ ಹೊಸದಾಗಿ ಕಾಣುವುದು ಏನಿರುತ್ತದೆ? ಆದರೂ ಗೋಡೆಯಾಚೆ ಚಾಮುಂಡಿ ಬೆಟ್ಟ ಇದೆ ಎಂಬುದು ಗಮನಕ್ಕೆ ಬಂದು ಸುಮ್ಮನೆ ನೋಡುತ್ತಾ ನಿಂತೆ. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹುಡುಗಿ ಕೇಳಿದಳು, "ಏನಾಯ್ತಮ್ಮಾ?" ಏನೂ ಆಗಿಲ್ಲ, ಒಗೆ ಎಂದೆ. ಈ ಸಲ ಬಾಗಿಲು ಹಾಕಿಕೊಳ್ಳುವುದು ಮರೆತಿದ್ದೆ.

ಮುಂದಿನಿಂದ ಎಳೆಯುವ ಯಂತ್ರವನ್ನು ಯಾರು ಮೊದಲು ಯೋಚಿಸಿದನೋ, ಅವನ ತಾಯಿಗೂ ಮಂಡಿ ನೋವಿದ್ದಿರಬೇಕು.

ಅಲಮೇಲುವಿನ ತವರು ಮಧುರೆ ಎಂದು ದೇವರಾಜು ಹೇಳಿದ. ಇಷ್ಟು ದಿನ ನಾನು ಕೇಳಿರಲಿಲ್ಲ. ನಮ್ಮ ದಾರಿಯಲ್ಲೇ ಇದೆ. ಅವಳು ಬಿದ್ದಾಗ ಪೆಟ್ಟಾಯಿತೇ ಎಂಬುದನ್ನು ನೀನು ಬರೆಯಲಿಲ್ಲ. ತಕ್ಷಣ ಬರೆ.

ಅಕ್ಕ


ಮದರಾಸು
೨೧-೩-೧೯೫೭

ಅಕ್ಕಯ್ಯನವರಿಗೆ ನಮಸ್ಕಾರ.

ಅಲಮೇಲುವಿಗೆ ಮೊಣಕೈ ತರಚಿತ್ತು, ಈಗ ವಾಸಿಯಾಗಿದೆ. ನೀವು ಕೇಳಿದ್ದನ್ನು ಓದಿ ಹೇಳಿದೆ. "ಇನ್ನೊಂದು ಸಲ ಓದಿ" ಎಂದಳು. ಅವಳೇ ಓದಬಲ್ಲಳು, ಆದರೂ ನನ್ನ ಕೈಯಲ್ಲಿ ಓದಿಸಿದಳು.

ವ್ಯಾನು ಸಿದ್ಧವಾಗಿದೆ. ನಮ್ಮ ಕಾರ್ಖಾನೆಯ ಡ್ರೈವರು ತಂದು ಒಪ್ಪಿಸುತ್ತಾನೆ. ನನಗೆ ಏಪ್ರಿಲ್ ಕಳೆಯುವವರೆಗೆ ರಜೆ ಸಿಗದು. ಅಲಮೇಲು ಹುಣ್ಣಿಮೆಗೆ ಮೊದಲೇ ಮಧುರೆಗೆ ಹೋಗಿರುತ್ತಾಳೆ. ನೀವು ಹಾದು ಹೋಗುವಾಗ ರಸ್ತೆಯ ಬದಿಗೆ ಬಂದು ನಿಂತು ನೋಡುತ್ತಾಳಂತೆ. ನಿಲ್ಲಿಸಬೇಕೆಂದೇನೂ ಇಲ್ಲ ಎಂದು ಬರೆಯಲು ಹೇಳಿದ್ದಾಳೆ.

ಸ್ಟೀರಿಂಗ್ ಎಡಗಡೆ ಇದೆ ಎಂದು ಕೆಂಪಯ್ಯನಿಗೆ ಮೊದಲೇ ತಿಳಿಸಿ.

ಮಹದೇವ


ಚಾಮರಾಜಪುರಂ
೩-೪-೧೯೫೭

ಮಹದೇವನಿಗೆ ಅಕ್ಕನ ಆಶೀರ್ವಾದ.

ನಿನ್ನ ಗಾಡಿ ಬಂತು. ಮೈಯೆಲ್ಲ ಗೆರೆಗೆರೆಯ ತಗಡು, ಮುಂದೆ ಚಾಚಿದ ಮೂತಿ. ಬೀದಿಯವರೆಲ್ಲ ಹೊರಗೆ ಬಂದರು. ಕೆಂಪಯ್ಯ ಸುತ್ತ ಒಂದು ಬಾರಿ ನೋಡಿ, "ಹಂದಿ ಮೂತಿ ಇದ್ದಂಗದೆ. ಸ್ಟೀರಿಂಗ್ ನೋಡುದ್ರೆ ಕಂಡಕ್ಟರ್ ಕೂರೋ ಕಡೆ ಇಟ್ಬುಟ್ಟವ್ರೆ" ಎಂದ. ಭೂಮಿಯನ್ನು ಎತ್ತಿದ್ದೂ ಅಂಥದೇ ಮೂತಿ ಎಂದೆ. ಅವನು ಟೋಪಿ ತೆಗೆದು ಬಾನೆಟ್ಟಿಗೆ ಕೈಮುಗಿದ.

ಯುಗಾದಿಯ ಬೆಳಿಗ್ಗೆ ಗೃಹಪ್ರವೇಶ. ಪುರೋಹಿತರು, "ಚಕ್ರ ಇರೋದಕ್ಕೆ ಆಯುಧಪೂಜೆ ಮಾಡ್ತೀವಿ ತಾಯಿ, ಗೃಹಪ್ರವೇಶ ಹೇಗೆ ಮಾಡೋದು?" ಎಂದು ಹಿಂದೆ ಮುಂದೆ ನೋಡಿದರು. ಒಳಗೆ ಒಲೆ ತೋರಿಸಿದೆ. ತೋರಣ ಕಟ್ಟಿಸಿದರು. ಪಕ್ಕದ ಮನೆಯ ಸುಮಿತ್ರಮ್ಮ ನನ್ನ ಬೆನ್ನ ಹಿಂದೆ ಕೈ ಚಾಚಿಕೊಂಡು ನಿಂತಿದ್ದಳು, ಬಿದ್ದರೆ ಹಿಡಿಯಲು. "ಕೈ ತೆಗಿ ಸುಮಿತ್ರಾ, ನಾನೇನು ಅಂಬೆಗಾಲಿಡ್ತಿದ್ದೀನಾ?" ಎಂದೆ.

ಎಡಗೈ ಚಾಚಿದೆ. ಅಲಮೇಲುವಿನ ಕಂಬಿ ಅಲ್ಲೇ ಇತ್ತು, ನನ್ನ ಕೈ ಹೋಗುವ ಜಾಗ ಅದಕ್ಕೆ ಗೊತ್ತಿದ್ದ ಹಾಗೆ. ಬಲಗಾಲು ಮೆಟ್ಟಿಲಿಗೆ. ಬಲಗಾಲು ಒಳಗೆ. ಹಿಂದೆ ಯಾರೋ ಉಸಿರು ಬಿಟ್ಟ ಸದ್ದು ಕೇಳಿಸಿತು. ತಿರುಗಿ ನೋಡಿದರೆ ದೇವರಾಜು ಕಣ್ಣು ಒರೆಸಿಕೊಳ್ಳುತ್ತಿದ್ದ.

ಹಾಲು ಉಕ್ಕಿತು. ಒಲೆಯ ಬಿಸಿಗೆ ತಗಡಿನಿಂದ ರೊಟ್ಟಿಯ ವಾಸನೆ ಎದ್ದು ಬಂತು. ಎಷ್ಟು ವರ್ಷದ ರೊಟ್ಟಿಯೋ. ಎಲ್ಲಿಯ ಫ್ರಾನ್ಸು, ಎಲ್ಲಿಯ ಚಾಮರಾಜಪುರಂ. ನಾನು ಕೈಯಲ್ಲಿ ಸೌಟು ಹಿಡಿದು ಬೆರಗಾಗಿ ನಿಂತೆ. ಹಾಲು ಒಲೆಯೆಲ್ಲ ಆಯಿತು.

ಬರುವ ಸೋಮವಾರ ಹೊರಡುತ್ತೇವೆ. ಮಧುರೆಯಲ್ಲಿ ರಸ್ತೆಯ ಬದಿಗೆ ನಿಲ್ಲಬೇಡ, ನೆರಳಿನಲ್ಲಿ ಕೂತಿರು ಎಂದು ಅವಳಿಗೆ ತಿಳಿಸು. ನಮ್ಮ ಗಾಡಿ ನಿಧಾನ.

ಅಕ್ಕ


ಕನ್ಯಾಕುಮಾರಿ
೧೫-೪-೧೯೫೭

ಮಹದೇವನಿಗೆ ಅಕ್ಕನ ಆಶೀರ್ವಾದ.

ಮೊದಲು ಮಧುರೆಯ ವಿಷಯ. ಅವಳು ರಸ್ತೆಯ ಬದಿಯ ಹುಣಸೆಮರದ ಕೆಳಗೆ ನಿಂತಿದ್ದಳು, ಕೂತಿರಲಿಲ್ಲ. ನಾನು ಕೆಂಪಯ್ಯನಿಗೆ ನಿಲ್ಲಿಸು ಎಂದೆ. ಅವಳು ಕೈಮುಗಿದು ಅಲ್ಲೇ ನಿಂತಳು. ನಾನು ಒಂದು ಸೇರಿನ ತುಂಬ ಅಕ್ಕಿ ಅಳೆದು ಹಿಂದಿನ ಬಾಗಿಲ ಅಂಚಿನಲ್ಲಿಟ್ಟೆ. ಅದೇನೆಂದು ಅವಳಿಗೆ ತಕ್ಷಣ ಅರ್ಥವಾಯಿತು. ಮುಖ ಕೆಂಪಾಯಿತು. "ಇಷ್ಟು ವರ್ಷ ಆದ ಮೇಲಾ ಅಕ್ಕಾ?" ಎಂದಳು. "ಅಕ್ಕಿ ಚೆಲ್ಲಿದರೆ ಚೆಲ್ಲಲಿ, ಒಳಗೆ ಬಾ" ಎಂದೆ. ಬಲಗಾಲಿನಿಂದ ಸೇರನ್ನು ಒದ್ದಳು. ಮೆತ್ತಗೆ ಒದೆಯುವ ಶಾಸ್ತ್ರ. ಇವಳು ಒದ್ದ ರಭಸಕ್ಕೆ ಸೇರು ಮಂಚದ ಕೆಳಗೆ ಹೋಗಿ ಡ್ರೈವರಿನ ಸೀಟಿಗೆ ತಾಗಿತು. "ಅಬ್ಬಾ, ತಡ ಆದ್ರೂ ಜೋರಾಗೇ ಬಂದ್ರು ಕಣವ್ವ" ಎಂದ ಕೆಂಪಯ್ಯ. ಮೂವರೂ ನಕ್ಕೆವು. ತಿರುನೆಲ್ವೇಲಿಯವರೆಗೂ ಅಕ್ಕಿ ಆರಿಸಿದೆವು.

ಇನ್ನು ಸಮುದ್ರ. ಅದನ್ನು ಬರೆಯಲು ನನ್ನ ಹೈಸ್ಕೂಲು ಸಾಲದು, ಆದರೂ ಬರೆಯುತ್ತೇನೆ.

ನಿನ್ನೆ ಸಂಜೆ ಗಾಡಿಯನ್ನು ಮರಳಿನ ಅಂಚಿಗೆ ತಂದು ನಿಲ್ಲಿಸಿದರು. ಮರಳಿನಲ್ಲಿ ನೋವಿನ ಕಾಲು ಹೂತುಹೋಗುತ್ತದೆ. ಅಲಮೇಲು ಕೈ ಚಾಚಲಿಲ್ಲ, ಸುಮ್ಮನೆ ಪಕ್ಕದಲ್ಲಿ ನಡೆದಳು. ನಾನೇ ಅವಳ ಹೆಗಲು ಹಿಡಿದೆ. ಮೂರು ಕಡೆಯೂ ನೀರು. ನಾನು ನಮ್ಮ ಕೆರೆಗಳನ್ನು ನೋಡಿದವಳು, ನೀರಿಗೆ ಆಚೆ ದಡ ಇರಬೇಕೆಂದು ನನ್ನ ಕಣ್ಣು ಹುಡುಕುತ್ತಲೇ ಇತ್ತು. ಇರಲಿಲ್ಲ. ಎಡಗಡೆ ತಿರುಗಿದರೂ ಇರಲಿಲ್ಲ.

ಬಲಗಡೆ ಸೂರ್ಯ ನೀರಿಗೆ ತಾಗಿದ. ಕೆಂಪು ಬಣ್ಣ ನನ್ನ ಕಾಲಿನವರೆಗೂ ಹರಿದು ಬಂತು. ಯಾರೋ ತಮಿಳಿನಲ್ಲಿ ಏನೋ ಕೂಗಿದರು, ಜನವೆಲ್ಲ ಒಂದೇ ಸಲ ಆಚೆ ತಿರುಗಿತು. ನಾನೂ ತಿರುಗಿದೆ. ಮಂಕಾದ ನೀಲಿಯಲ್ಲಿ ಚಂದ್ರ ಬಂದಿದ್ದ. ದೊಡ್ಡದಾಗಿ, ಯಾರೂ ಇನ್ನೂ ಮುಟ್ಟದ ಹಾಗೆ. ಸ್ವಲ್ಪ ಹೊತ್ತು ಎರಡೂ ಇದ್ದವು. ನಾನು ಅತ್ತ ನೋಡುವೆ, ಇತ್ತ ನೋಡುವೆ. ಒಂದನ್ನು ನೋಡಿದರೆ ಇನ್ನೊಂದು ಹೋಗಿಬಿಡುತ್ತದೆಂಬ ಭಯ. ಇಡೀ ಲೋಕವನ್ನು ಎರಡು ಕಡೆಯಿಂದ ಯಾರೋ ಹಿಡಿದು ನಿಂತಿದ್ದಾರೆ, ಅದರ ನಡುವೆ ನಾನು ನಿಂತಿದ್ದೇನೆ ಎನಿಸಿತು. ನನ್ನ ಮನೆ, ಮಂಡಿ, ಬಸ್ಸು, ಹಟ ಎಲ್ಲ ಎಷ್ಟು ಚಿಕ್ಕವು ಎಂದು ತಿಳಿಯಿತು. ತಿಳಿದರೂ ಅವಮಾನವಾಗಲಿಲ್ಲ. ಹಾಗೆ ಚಿಕ್ಕವಳಾಗುವುದು ಹಿತವಾಗಿತ್ತು. ಅಲಮೇಲು ಅಳುತ್ತಿದ್ದಳು. ನಾನು ಅಳಲಿಲ್ಲ, ಹಾಗೆಂದು ಬರೆದುಕೋ.

ಸೂರ್ಯ ಮುಳುಗಿ ಬೆಳದಿಂಗಳಾಯಿತು. ಗಾಡಿಗೆ ಹಿಂತಿರುಗಿ ಹತ್ತಿ, ಮಂಚದ ಮೇಲೆ ಕೂತು ಕಾಲಿನ ಮರಳು ಕೊಡವುತ್ತಿರುವಾಗ ನನಗೆ ಫಕ್ಕನೆ ನೆನಪಾಯಿತು. ಹತ್ತುವಾಗ ಯಾವ ಕಾಲು ಮೊದಲಿಟ್ಟೆ? ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅಲಮೇಲುವನ್ನು ಕೇಳಿದೆ. "ನಾನು ಹಿಂದೆ ತಿರುಗಿ ನೋಡ್ತಾ ಬಂದೆ ಅಕ್ಕಾ" ಎಂದಳು. ಕೆಂಪಯ್ಯನನ್ನು ಕೇಳಿದೆ.

"ಅಂಥಾ ಚಂದ್ರ ಇರೋವಾಗ ನಿಮ್ ಕಾಲ್ನ ಯಾರವ್ವಾ ನೋಡ್ತಾರೆ" ಎಂದ.

ಅವನಿಗೆ ಬೈಯಬೇಕಿತ್ತು. ಅಲಮೇಲು ಒಲೆ ಹಚ್ಚಿದಳು. ಬಾಗಿಲು ಹಾಕಬೇಡ ಎಂದೆ.

ಅಕ್ಕ ಇಂದ್ರಮ್ಮ